ಕರಟದ ಇದ್ದಿಲು ಮತ್ತು ಕೂಡಿಟ್ಟ ವಿದ್ಯುತ್ತು

ಉಪನ್ಯಾಸದ ಪಠ್ಯ



ವಿದ್ಯುತ್ತನ್ನು ಉತ್ಪಾದಿಸುವುದಕ್ಕಿಂತ ಅದನ್ನು ಕೂಡಿಡುವುದೇ ದೊಡ್ಡ ಪ್ರಶ್ನೆಯಾಗಿರುವ ಕಾಲವಿದು. ಬಿಸಿಲು ಹಗಲಿಗೆ ಸೀಮಿತ, ಗಾಳಿ ಬೀಸುವುದು ತನ್ನ ಇಚ್ಛೆಯಂತೆ. ದೀಪ ಬೇಕಾಗುವುದು ಮಾತ್ರ ಕತ್ತಲಾದ ಮೇಲೆ. ಈ ಅಂತರವನ್ನು ತುಂಬುವ ಹೊಣೆ ಯಾರ ಮೇಲೆ ಬೀಳುತ್ತದೆ ಎಂಬುದು ಕೇವಲ ಎಂಜಿನಿಯರುಗಳ ಪ್ರಶ್ನೆಯಲ್ಲ. ಶರಾವತಿ ಕಣಿವೆಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ ನೀರನ್ನು ಮೇಲಕ್ಕೆತ್ತಿ ಕೆಳಕ್ಕೆ ಬಿಡುವ 2000 ಮೆಗಾವಾಟ್ ಸಾಮರ್ಥ್ಯದ ಯೋಜನೆಯು ಸಿಂಗಳೀಕಗಳ ಅಭಯಾರಣ್ಯಕ್ಕೆ ಎದುರಾಗಿ ನಿಂತದ್ದು ಈ ‘ಕೂಡಿಡುವ’ ಅಗತ್ಯದ ಹೆಸರಿನಲ್ಲಿಯೇ.

ಇಂಥ ಸಂದರ್ಭದಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ. ತೆಂಗಿನ ಕರಟವನ್ನು ಸುಟ್ಟು ಮಾಡಿದ ಇದ್ದಿಲಿನಲ್ಲಿ ವಿದ್ಯುತ್ತನ್ನು ತುಂಬಿಡಬಹುದಂತೆ, ಅಡಿಕೆ ಸಿಪ್ಪೆಯಿಂದಲೂ ಅದು ಸಾಧ್ಯವಂತೆ, ಹೀಗಿರುವಾಗ ಕಾಡು ಮುಳುಗಿಸುವ, ಬೆಟ್ಟ ಕೊರೆಯುವ ಯೋಜನೆಗಳೇಕೆ ಎಂಬುದು ಆ ಮಾತು. ಇದರಲ್ಲಿ ಸತ್ಯವೆಷ್ಟು, ಆಸೆಯೆಷ್ಟು ಎಂಬುದನ್ನು ಲೆಕ್ಕ ಹಾಕಿ ನೋಡುವುದು ಈ ಉಪನ್ಯಾಸದ ಉದ್ದೇಶ. ಮಲೆನಾಡಿಗೆ ಈ ವಿಷಯದಲ್ಲಿ ಎರಡು ಅಪಾಯಗಳಿವೆ. ತಪ್ಪು ಲೆಕ್ಕವನ್ನು ನಂಬಿ ವಾದದಲ್ಲಿ ಸೋಲುವುದು ಒಂದು. ಸರಿಯಾದ ಲೆಕ್ಕ ತಿಳಿಯದೆ ತನ್ನ ತೋಟದ ಸಾರವನ್ನು ಅಗ್ಗಕ್ಕೆ ಮಾರಿಕೊಳ್ಳುವುದು ಇನ್ನೊಂದು.

ಬೇಲಿಯ ಮಿಡಿತ ಮತ್ತು ಫ್ಯಾನಿನ ಕಂಡೆನ್ಸರ್

ಕಾಡಂಚಿನ ತೋಟಗಳಿಗೆ ಹಾಕುವ ಸೋಲಾರ್ ಬೇಲಿಯನ್ನು ಎಲ್ಲರೂ ಬಲ್ಲರು. ಬೇಲಿಯ ತಂತಿಯಲ್ಲಿ ವಿದ್ಯುತ್ತು ಸತತವಾಗಿ ಹರಿಯುವುದಿಲ್ಲ. ಹೆಚ್ಚುಕಡಿಮೆ ಸೆಕೆಂಡಿಗೊಮ್ಮೆ ಅದು ಮಿಡಿಯುತ್ತದೆ. ಪೆಟ್ಟಿಗೆಯೊಳಗಿನ ಬ್ಯಾಟರಿ ನಿಧಾನವಾಗಿ ಕೊಡುವ ವಿದ್ಯುತ್ತನ್ನು ಒಂದು ಕೆಪಾಸಿಟರ್ ಸಂಗ್ರಹಿಸಿಕೊಂಡು, ಕ್ಷಣಾರ್ಧದಲ್ಲಿ ತಂತಿಗೆ ಸುರಿಯುತ್ತದೆ. ಮನೆಯ ಸೀಲಿಂಗ್ ಫ್ಯಾನಿನಲ್ಲಿರುವ ‘ಕಂಡೆನ್ಸರ್’ ಕೂಡ ಇದೇ ಜಾತಿಯದು.

ಬ್ಯಾಟರಿಗೂ ಕೆಪಾಸಿಟರಿಗೂ ಇರುವ ಮೂಲಭೂತ ವ್ಯತ್ಯಾಸ ಇದು: ಬ್ಯಾಟರಿಯೊಳಗೆ ರಾಸಾಯನಿಕ ಕ್ರಿಯೆ ನಡೆಯಬೇಕು. ಒಂದು ವಸ್ತು ಇನ್ನೊಂದಾಗಿ ಮಾರ್ಪಟ್ಟಾಗ ವಿದ್ಯುತ್ತು ಹೊರಬರುತ್ತದೆ. ಅದಕ್ಕೆ ಸಮಯ ಬೇಕು, ಪ್ರತಿ ಸಲವೂ ವಸ್ತು ಸ್ವಲ್ಪ ಸವೆಯುತ್ತದೆ. ಕೆಪಾಸಿಟರಿನಲ್ಲಿ ಯಾವ ವಸ್ತುವೂ ಬದಲಾಗುವುದಿಲ್ಲ. ಧನ ಮತ್ತು ಋಣ ವಿದ್ಯುದಂಶಗಳು ಎರಡು ಮೇಲ್ಮೈಗಳ ಮೇಲೆ ಎದುರುಬದುರಾಗಿ ನಿಲ್ಲುತ್ತವೆ, ದಾರಿ ಕೊಟ್ಟೊಡನೆ ಓಡುತ್ತವೆ. ಬ್ಯಾಟರಿಯನ್ನು ಸಣ್ಣ ತೂಬಿನ ಕೆರೆಗೆ ಹೋಲಿಸಿದರೆ ಕೆಪಾಸಿಟರನ್ನು ಅಗಲ ಬಾಯಿಯ ಕೊಡಕ್ಕೆ ಹೋಲಿಸಬಹುದು. ಕೊಡ ಬೇಗ ತುಂಬುತ್ತದೆ, ಬೇಗ ಬರಿದಾಗುತ್ತದೆ, ಎಷ್ಟು ಸಲ ತುಂಬಿಸಿದರೂ ಸವೆಯುವುದಿಲ್ಲ. ಆದರೆ ಅದು ಕೊಡವೇ ಹೊರತು ಕೆರೆಯಲ್ಲ.

ಸಾಮಾನ್ಯ ಸೀಲಿಂಗ್ ಫ್ಯಾನಿನ ಕೆಪಾಸಿಟರಿನ ಧಾರಣಶಕ್ತಿ ಸುಮಾರು 2.5 ಮೈಕ್ರೋಫ್ಯಾರಡ್. ಕೈಯಲ್ಲಿ ಹಿಡಿಯಬಹುದಾದ, ಅರ್ಧ ಕಿಲೋ ತೂಗುವ ಇಂದಿನ ಒಂದು ಸೂಪರ್ ಕೆಪಾಸಿಟರಿನ ಧಾರಣಶಕ್ತಿ 3000 ಫ್ಯಾರಡ್, ಅಂದರೆ 120 ಕೋಟಿ ಪಟ್ಟು ಹೆಚ್ಚು. ಈ ಅಗಾಧ ಜಿಗಿತದ ಗುಟ್ಟು ಯಾವುದೋ ಅಪರೂಪದ ಲೋಹದಲ್ಲಿಲ್ಲ. ಅದು ಇದ್ದಿಲಿನ ರಂಧ್ರಗಳಲ್ಲಿದೆ.

ಒಂದು ಗ್ರಾಮಿನಲ್ಲಿ ಹದಿನೈದು ಗುಂಟೆ

ದ್ರವದಲ್ಲಿ ಮುಳುಗಿದ ವಿದ್ಯುದ್ವಾರದ ಮೇಲೆ ವಿದ್ಯುದಂಶ ನಿಂತಾಗ, ದ್ರವದಲ್ಲಿರುವ ವಿರುದ್ಧ ಜಾತಿಯ ಅಯಾನುಗಳು ಅದರ ಎದುರು ಒಂದು ತೆಳುಪದರವಾಗಿ ಸಾಲುಗಟ್ಟುತ್ತವೆ. ಈ ‘ದ್ವಿಪದರ’ದ ಕಲ್ಪನೆಯನ್ನು ಜರ್ಮನಿಯ ವಿಜ್ಞಾನಿ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ 1853ರಲ್ಲಿಯೇ ಮುಂದಿಟ್ಟಿದ್ದರು. ಎರಡು ಪದರಗಳ ನಡುವಿನ ಅಂತರ ಒಂದು ಮೀಟರಿನ ನೂರು ಕೋಟಿಯಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಅಂತರ ಕಡಿಮೆಯಾದಷ್ಟೂ, ಮೇಲ್ಮೈ ಹೆಚ್ಚಾದಷ್ಟೂ ಧಾರಣಶಕ್ತಿ ಹೆಚ್ಚುತ್ತದೆ. ಅಂತರವನ್ನು ಪ್ರಕೃತಿಯೇ ಕನಿಷ್ಠಗೊಳಿಸಿದೆ. ಮನುಷ್ಯನಿಗೆ ಉಳಿದ ಕೆಲಸ ಮೇಲ್ಮೈಯನ್ನು ಹೆಚ್ಚಿಸುವುದು.

ಸರಂಧ್ರ ಇಂಗಾಲ ಇಲ್ಲಿ ನೆರವಿಗೆ ಬರುತ್ತದೆ. ಚೆನ್ನಾಗಿ ಸಂಸ್ಕರಿಸಿದ ಒಂದು ಗ್ರಾಂ ಇದ್ದಿಲಿನ ಒಳಮೇಲ್ಮೈಯನ್ನೆಲ್ಲ ಬಿಡಿಸಿ ಹರಡಲು ಸಾಧ್ಯವಾದರೆ ಅದು ಸುಮಾರು 1500 ಚದರ ಮೀಟರ್ ಆಗುತ್ತದೆ. ರೈತರ ಲೆಕ್ಕದಲ್ಲಿ ಹೇಳುವುದಾದರೆ ಚಿಟಿಕೆಯಷ್ಟು ಇದ್ದಿಲಿನಲ್ಲಿ ಸುಮಾರು ಹದಿನೈದು ಗುಂಟೆ ನೆಲ. ಪ್ರತಿ ಚದರ ಸೆಂಟಿಮೀಟರಿಗೆ 10 ಮೈಕ್ರೋಫ್ಯಾರಡ್ ಎಂದು ಹಿಡಿದರೂ ಗ್ರಾಮಿಗೆ 150 ಫ್ಯಾರಡ್ ದೊರೆಯುತ್ತದೆ. ಇದ್ದಿಲು ವಿದ್ಯುತ್ತನ್ನು ಹರಿಸಬಲ್ಲದು, ತುಕ್ಕು ಹಿಡಿಯುವುದಿಲ್ಲ, ಲೋಹಗಳಿಗಿಂತ ಅಗ್ಗ. ಈ ಎಲ್ಲ ಗುಣಗಳು ಒಟ್ಟಿಗೆ ಸಿಗುವ ವಸ್ತು ಬೇರೊಂದಿಲ್ಲವೆಂದೇ ಹೇಳಬೇಕು.

ಆದರೆ ರಂಧ್ರಗಳೆಲ್ಲ ಸಮಾನವಲ್ಲ. ಎರಡು ನ್ಯಾನೋಮೀಟರಿಗಿಂತ ಕಿರಿದಾದವು ಸೂಕ್ಷ್ಮರಂಧ್ರಗಳು, ಎರಡರಿಂದ ಐವತ್ತರವರೆಗಿನವು ಮಧ್ಯಮ, ಅದಕ್ಕೂ ದೊಡ್ಡವು ಸ್ಥೂಲರಂಧ್ರಗಳು. ಸ್ಥೂಲರಂಧ್ರ ಹೆದ್ದಾರಿಯಾದರೆ ಮಧ್ಯಮರಂಧ್ರ ಊರ ರಸ್ತೆ, ಸೂಕ್ಷ್ಮರಂಧ್ರ ಮನೆ. ಅಯಾನುಗಳು ನೆಲೆಸುವುದು ಮನೆಯಲ್ಲಿ, ಆದರೆ ರಸ್ತೆಯಿಲ್ಲದ ಮನೆಗೆ ಬೇಗ ತಲುಪಲಾಗದು. ಒಂದು ನ್ಯಾನೋಮೀಟರಿಗಿಂತ ಕಿರಿದಾದ ರಂಧ್ರಗಳಿಂದ ಪ್ರಯೋಜನವಿಲ್ಲ, ದ್ರವದ ಅಣುಗಳಿಂದ ಸುತ್ತುವರಿದ ಅಯಾನು ಅಲ್ಲಿಗೆ ನುಸುಳಲಾರದು ಎಂಬ ನಂಬಿಕೆ ಬಹುಕಾಲ ಇತ್ತು. 2006ರಲ್ಲಿ ಅಮೆರಿಕದ ಯೂರಿ ಗೊಗೋಟ್ಸಿ, ಫ್ರಾನ್ಸಿನ ಪ್ಯಾಟ್ರಿಸ್ ಸಿಮೋನ್ ಮತ್ತು ಸಂಗಡಿಗರು ಪ್ರಕಟಿಸಿದ ಸಂಶೋಧನೆ ಇದನ್ನು ತಿರುವುಮುರುವು ಮಾಡಿತು. ಅಂಥ ಕಿರುರಂಧ್ರಗಳಲ್ಲಿ ಧಾರಣಶಕ್ತಿ ಕುಗ್ಗುವ ಬದಲು ಏರಿತ್ತು. ಅಯಾನು ತನ್ನ ಸುತ್ತಲಿನ ದ್ರವದ ಹೊದಿಕೆಯನ್ನು ಭಾಗಶಃ ಕಳಚಿಟ್ಟು ಒಳಗೆ ಸೇರುತ್ತದೆ ಎಂಬುದು ಅದರ ವಿವರಣೆ. ಅಂದಿನಿಂದ ಇದ್ದಿಲಿನ ಗುಣವನ್ನು ಅಳೆಯುವಾಗ ಒಟ್ಟು ವಿಸ್ತೀರ್ಣದಷ್ಟೇ ರಂಧ್ರದ ಅಳತೆಗೂ ಮಹತ್ವ ಬಂತು.

ವಸ್ತುವಾಗಿ ಇದರ ಚರಿತ್ರೆ ಇನ್ನೂ ಹಳೆಯದು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಹೋವರ್ಡ್ ಬೆಕರ್ ಸರಂಧ್ರ ಇಂಗಾಲದ ಕೆಪಾಸಿಟರಿಗೆ 1957ರಲ್ಲಿ ಪೇಟೆಂಟ್ ಪಡೆದರು. ‘ಸೂಪರ್ ಕೆಪಾಸಿಟರ್’ ಎಂಬ ಹೆಸರಿನಲ್ಲಿ ಅದನ್ನು 1970ರ ದಶಕದಲ್ಲಿ ಮಾರುಕಟ್ಟೆಗೆ ತಂದದ್ದು ಜಪಾನಿನ ಎನ್‌ಇಸಿ. ವಿದ್ಯುತ್ತು ಹೋದಾಗ ಯಂತ್ರಗಳ ನೆನಪು ಅಳಿಯದಂತೆ ಕಾಯುವುದು ಆಗ ಅದರ ಸಣ್ಣ ಕೆಲಸವಾಗಿತ್ತು. ಇಂದು ಗಾಳಿಯಂತ್ರಗಳ ರೆಕ್ಕೆ ತಿರುಗಿಸುವುದಕ್ಕೆ, ಏರ್‌ಬಸ್ ಎ380 ವಿಮಾನದ ತುರ್ತು ಬಾಗಿಲುಗಳಿಗೆ ಅದು ಬಳಕೆಯಾಗಿದೆ. ಶಾಂಘೈ ನಗರದಲ್ಲಿ 2006ರಲ್ಲಿ, ನಿಲ್ದಾಣದಲ್ಲಿ ಜನ ಹತ್ತಿಳಿಯುವಷ್ಟರಲ್ಲಿ ವಿದ್ಯುತ್ತು ತುಂಬಿಕೊಂಡು ಮುಂದಿನ ನಿಲ್ದಾಣಗಳಿಗೆ ಸಾಗುವ ಬಸ್ಸುಗಳು ಓಡಾಟ ಆರಂಭಿಸಿದವು. ಭಾರತದಲ್ಲಿ 2024ರಲ್ಲಿ ಕೇರಳದ ಸರ್ಕಾರಿ ಸ್ವಾಮ್ಯದ ಕೆಲ್ಟ್ರಾನ್, ಇಸ್ರೋ ಸಹಯೋಗದಲ್ಲಿ ಕಣ್ಣೂರಿನಲ್ಲಿ ಸೂಪರ್ ಕೆಪಾಸಿಟರ್ ತಯಾರಿಕಾ ಘಟಕವನ್ನು ತೆರೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ. ಶುಕ್ಲಾ ಮತ್ತು ಸಂಗಡಿಗರು ಒಂದು ಬದಿಯಲ್ಲಿ ಸೀಸ, ಇನ್ನೊಂದು ಬದಿಯಲ್ಲಿ ಸಕ್ರಿಯ ಇಂಗಾಲವಿರುವ ಮಿಶ್ರ ಧಾರಕಗಳನ್ನು ರೂಪಿಸಿದ್ದಾರೆ.

ಕರಟವೇ ಏಕೆ?

ಸೂಪರ್ ಕೆಪಾಸಿಟರಿನೊಳಗಿನ ಇಂಗಾಲದ ಬಹುಪಾಲು ಬರುವುದು ತೆಂಗಿನ ಕರಟದಿಂದ ಎಂಬುದು ಅನೇಕರಿಗೆ ತಿಳಿಯದ ಸಂಗತಿ. ಈ ಕ್ಷೇತ್ರದಲ್ಲಿ ಬಹಳ ಬಳಕೆಯಲ್ಲಿರುವ ಇಂಗಾಲದ ಪುಡಿಯನ್ನು ಜಪಾನಿನ ಕುರಾರೇ ಕಂಪನಿ ತಯಾರಿಸುವುದು ಕರಟದಿಂದಲೇ. ಫಿಲಿಪ್ಪೀನ್ಸ್, ಇಂಡೋನೇಷ್ಯಾ, ಶ್ರೀಲಂಕಾ ಮತ್ತು ಭಾರತದ ತೆಂಗಿನ ಸೀಮೆಗಳು ಜಗತ್ತಿಗೆ ಕರಟದ ಇದ್ದಿಲನ್ನು ಒದಗಿಸುತ್ತವೆ.

ಕರಟಕ್ಕೆ ಈ ಮಾನ ದೊರೆತದ್ದು ಅದರ ಸಸ್ಯರಚನೆಯಿಂದ. ಅದರಲ್ಲಿ ಲಿಗ್ನಿನ್ ಅಂಶ ಅಧಿಕ, ಬೂದಿ ಅತ್ಯಲ್ಪ. ಕಾಯಿಯ ಜೀವವನ್ನು ಕಾಪಾಡಲು ಹೆಣೆದುಕೊಂಡ ಗಟ್ಟಿ ಕೋಶಗಳು ಸುಟ್ಟ ಮೇಲೂ ತಮ್ಮ ಬಿಗಿಯನ್ನು ಉಳಿಸಿಕೊಳ್ಳುತ್ತವೆ, ಸಹಜವಾಗಿಯೇ ಸೂಕ್ಷ್ಮರಂಧ್ರಗಳನ್ನು ಕೊಡುತ್ತವೆ. ತಿಪಟೂರು ಸೀಮೆಯಲ್ಲಿ ಉಂಡೆ ಕೊಬ್ಬರಿಗಾಗಿ ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸುತ್ತಾರೆ. ಹಾಗೆ ಬಲಿತು ಒಣಗಿದ ಕರಟ ಇದ್ದಿಲಿಗೆ ಹೇಳಿ ಮಾಡಿಸಿದಂತಿರುತ್ತದೆ.

ತಯಾರಿಕೆಗೆ ಎರಡು ಹಂತ. ಮೊದಲನೆಯದರಲ್ಲಿ ಗಾಳಿಯನ್ನು ತಡೆದು 400ರಿಂದ 600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಟವನ್ನು ಇದ್ದಿಲಾಗಿಸುತ್ತಾರೆ. ಇದರಲ್ಲಿ ಮೂಲ ತೂಕದ ಶೇಕಡಾ 25ರಿಂದ 30 ಮಾತ್ರ ಉಳಿಯುತ್ತದೆ. ಎರಡನೆಯದು ‘ಸಕ್ರಿಯಗೊಳಿಸುವ’ ಹಂತ. 800ರಿಂದ 1000 ಡಿಗ್ರಿಯಲ್ಲಿ ನೀರಾವಿಯನ್ನು ಹಾಯಿಸಿದಾಗ ಆವಿಯು ಇಂಗಾಲವನ್ನು ಒಳಗಿನಿಂದ ಕೊರೆದು ರಂಧ್ರಗಳನ್ನು ತೆರೆಯುತ್ತದೆ. ಈ ಹಂತದಲ್ಲಿಯೂ ಇದ್ದಿಲಿನ ಹೆಚ್ಚಿನ ಪಾಲು ಅನಿಲವಾಗಿ ಹೋಗುತ್ತದೆ. ಒಟ್ಟಾರೆ ಹತ್ತು ಟನ್ ಕರಟದಿಂದ ಒಂದು ಟನ್ ಸಕ್ರಿಯ ಇಂಗಾಲ ಎಂದು ಸ್ಥೂಲವಾಗಿ ಹಿಡಿಯಬಹುದು. ಒಂದು ಕರಟದ ತೂಕ 150 ಗ್ರಾಂ ಎಂದುಕೊಂಡರೆ ಇದು 66 ಸಾವಿರಕ್ಕೂ ಹೆಚ್ಚು ಕಾಯಿಗಳ ಕರಟ. ನೀರಾವಿಯ ಬದಲು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೆರೆಸಿ ಕಾಯಿಸಿದರೆ ವಿಸ್ತೀರ್ಣ ಇನ್ನಷ್ಟು ಹೆಚ್ಚುತ್ತದೆ. ಆದರೆ ಇದ್ದಿಲಿನ ತೂಕದ ಹಲವು ಪಟ್ಟು ಕ್ಷಾರ ಬೇಕಾಗುವುದೂ ಉಂಟು, ಕುಲುಮೆ ಸವೆಯುತ್ತದೆ, ತೊಳೆದ ನೀರು ಸಮಸ್ಯೆಯಾಗುತ್ತದೆ.

ಅಡಿಕೆ ಸಿಪ್ಪೆಯ ಪ್ರಶ್ನೆ

ಕರಟಕ್ಕೆ ಬೆಲೆ ಇದ್ದರೆ ಅಡಿಕೆ ಸಿಪ್ಪೆಗೆ ಏಕಿರಬಾರದು? ಹಣ್ಣಡಿಕೆಯ ಗಾತ್ರದಲ್ಲಿ ದೊಡ್ಡ ಪಾಲು ಸಿಪ್ಪೆಯದೇ. ಸುಲಿದ ಮೇಲೆ ರಸ್ತೆ ಬದಿಯಲ್ಲಿ ರಾಶಿ ಬಿದ್ದು ಹೊಗೆಯಾಡುವ ಸಿಪ್ಪೆಯನ್ನು ಕಂಡವರಿಗೆಲ್ಲ ಈ ಪ್ರಶ್ನೆ ಹುಟ್ಟುವುದು ಸಹಜ. ಅಡಿಕೆ ಸಿಪ್ಪೆ, ಭತ್ತದ ಹೊಟ್ಟು, ಬಿದಿರು, ಕಬ್ಬಿನ ಸಿಪ್ಪೆ ಮೊದಲಾದವುಗಳಿಂದ ಇಂಗಾಲ ತಯಾರಿಸಿ ಗ್ರಾಮಿಗೆ 200, 300 ಫ್ಯಾರಡ್ ಧಾರಣಶಕ್ತಿ ದೊರೆಯಿತೆಂದು ಹೇಳುವ ಪ್ರಬಂಧಗಳು ಸಂಶೋಧನಾ ಪತ್ರಿಕೆಗಳಲ್ಲಿ ನಿರಂತರವಾಗಿ ಪ್ರಕಟವಾಗುತ್ತವೆ. ಅವು ಸುಳ್ಳಲ್ಲ. ಆದರೆ ಅವುಗಳನ್ನು ಓದುವಾಗ ಮೂರು ಸಂಗತಿಗಳನ್ನು ನೆನಪಿಡಬೇಕು.

ಮೊದಲನೆಯದು, ಅಳತೆಯ ರೀತಿ. ಪ್ರಯೋಗಾಲಯದ ವಿದ್ಯುದ್ವಾರದ ಮೇಲೆ ಲೇಪಿಸುವ ಇಂಗಾಲ ಬಹಳ ತೆಳು. ಕಾರ್ಖಾನೆಯ ವಿದ್ಯುದ್ವಾರ ನೂರಕ್ಕೂ ಹೆಚ್ಚು ಮೈಕ್ರೋಮೀಟರ್ ದಪ್ಪವಿರುತ್ತದೆ. ತೆಳುಪದರದಲ್ಲಿ ದೊರೆತ ಅಂಕಿ ದಪ್ಪ ಪದರದಲ್ಲಿ ದೊರೆಯುವುದಿಲ್ಲ. ಅಲ್ಲದೆ ಒಂದು ಧಾರಕದಲ್ಲಿ ಎರಡು ವಿದ್ಯುದ್ವಾರಗಳಿರುವುದರಿಂದ ಒಂದರ ಗ್ರಾಮಿಗೆ 150 ಫ್ಯಾರಡ್ ಇದ್ದರೆ, ಎರಡರ ಒಟ್ಟು ಇಂಗಾಲದ ಲೆಕ್ಕದಲ್ಲಿ ಅದು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಮೇಲಿನ ಹೊದಿಕೆ, ದ್ರವ, ಅಲ್ಯೂಮಿನಿಯಂ ಹಾಳೆಗಳ ತೂಕ ಬೇರೆ. ಗೊಗೋಟ್ಸಿ ಮತ್ತು ಸಿಮೋನ್ ಅವರೇ 2011ರಲ್ಲಿ ಈ ಬಗೆಯ ಅಂಕಿಗಳು ಹುಟ್ಟಿಸುವ ಭ್ರಮೆಯ ಬಗ್ಗೆ ಎಚ್ಚರಿಸಿ ಬರೆದಿದ್ದಾರೆ.

ಎರಡನೆಯದು, ದ್ರವದ ಆಯ್ಕೆ. ಬಹುತೇಕ ಪ್ರಯೋಗಗಳು ನಡೆಯುವುದು ಆಮ್ಲ ಅಥವಾ ಕ್ಷಾರದ ನೀರಿನ ದ್ರಾವಣದಲ್ಲಿ. ನೀರು ಸುಮಾರು ಒಂದು ವೋಲ್ಟಿನಾಚೆ ಒಡೆಯತೊಡಗುತ್ತದೆ. ಮಾರುಕಟ್ಟೆಯ ಧಾರಕಗಳು ಸಾವಯವ ದ್ರಾವಕಗಳನ್ನು ಬಳಸಿ 2.7 ವೋಲ್ಟ್ ತಲುಪುತ್ತವೆ. ಕೂಡಿಡುವ ಶಕ್ತಿ ವೋಲ್ಟಿನ ವರ್ಗಕ್ಕೆ ಅನುಗುಣವಾದ್ದರಿಂದ ಈ ವ್ಯತ್ಯಾಸ ಏಳು ಪಟ್ಟಿಗೂ ಹೆಚ್ಚು.

ಮೂರನೆಯದು, ಬೂದಿ. ಅಡಿಕೆ ಸಿಪ್ಪೆ ನಾರಿನ ವಸ್ತು, ಕರಟದಷ್ಟು ಸಾಂದ್ರವಲ್ಲ. ಅದರ ಇದ್ದಿಲು ಹಗುರ, ಹೆಚ್ಚು ಜಾಗ ಬೇಡುತ್ತದೆ. ಅದರಲ್ಲಿರುವ ಖನಿಜಾಂಶವನ್ನು, ಮುಖ್ಯವಾಗಿ ಕಬ್ಬಿಣದಂಥ ಲೋಹಗಳನ್ನು ಪೂರ್ತಿ ತೆಗೆಯದಿದ್ದರೆ ಧಾರಕ ತನ್ನಷ್ಟಕ್ಕೆ ಸೋರುತ್ತದೆ, ಬೇಗ ಹಾಳಾಗುತ್ತದೆ. ತೆಗೆಯಬೇಕಾದರೆ ಆಮ್ಲದಲ್ಲಿ ತೊಳೆಯಬೇಕು.

ಕೃಷಿಯ ದೃಷ್ಟಿಯಿಂದ ಈ ‘ಕಲ್ಮಶ’ದ ಸ್ವರೂಪವನ್ನು ಗಮನಿಸುವುದು ಅಗತ್ಯ. ಪ್ರಯೋಗಾಲಯ ಬೇಡವೆಂದು ತೊಳೆದು ಚೆಲ್ಲುವ ಬೂದಿಯಲ್ಲಿ ಗಣನೀಯವಾಗಿರುವುದು ಪೊಟ್ಯಾಷ್. ಒಂದು ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಕೊಡಬೇಕೆಂಬುದು ಶಿಫಾರಸು. ಮೂರರಲ್ಲಿ ಹೆಚ್ಚಿನದು ಪೊಟ್ಯಾಷ್. ಆ ಗೊಬ್ಬರಕ್ಕೆ ಭಾರತ ಬಹುತೇಕ ಹೊರದೇಶಗಳನ್ನೇ ಅವಲಂಬಿಸಿದೆ. ಮಳೆಗಾಲದಲ್ಲಿ ನೂರಾರು ಸೆಂಟಿಮೀಟರ್ ನೀರು ಸುರಿದು ಸಾರವನ್ನು ಕೊಚ್ಚಿಕೊಂಡೊಯ್ಯುವ ಮಲೆನಾಡಿನ ಮಣ್ಣಿನಲ್ಲಿ ಸಿಪ್ಪೆಯನ್ನು ಕೊಳೆಸಿ ಬುಡಕ್ಕೆ ಹಾಕುವುದೆಂದರೆ, ಮರ ಹೀರಿದ್ದನ್ನು ಮರಕ್ಕೇ ಹಿಂದಿರುಗಿಸುವುದು. ಆದ್ದರಿಂದ ಅಡಿಕೆ ಸಿಪ್ಪೆ ‘ತ್ಯಾಜ್ಯ’ ಎಂಬ ಮಾತನ್ನೇ ಮೊದಲು ಪ್ರಶ್ನಿಸಬೇಕು. ರಸ್ತೆ ಬದಿಯಲ್ಲಿ ಸುಡುವ ಸಿಪ್ಪೆ ಖಂಡಿತ ತ್ಯಾಜ್ಯ. ತೋಟಕ್ಕೆ ಮರಳುವ ಸಿಪ್ಪೆ ಗೊಬ್ಬರ. ಲಾರಿ ಹತ್ತುವ ಸಿಪ್ಪೆ ಯಾವುದು ಎಂಬುದು ಅದರ ಬೂದಿ ಎಲ್ಲಿಗೆ ಹೋಗುತ್ತದೆ ಎಂಬುದರ ಮೇಲೆ ನಿರ್ಧಾರವಾಗಬೇಕು.

ಕೊಡದಲ್ಲಿ ಕೆರೆಯನ್ನು ತುಂಬಲಾಗದು

ಈಗ ಮೊದಲಿನ ಪ್ರಶ್ನೆಗೆ ಮರಳಬಹುದು. ಇದ್ದಿಲಿನ ಧಾರಕಗಳು ಶರಾವತಿಯ ಯೋಜನೆಯಂಥವುಗಳಿಗೆ ಬದಲಿಯಾಗಬಲ್ಲವೇ?

3000 ಫ್ಯಾರಡ್, 2.7 ವೋಲ್ಟಿನ ಒಂದು ಕೋಶದಲ್ಲಿ ಕೂಡಿರುವ ಶಕ್ತಿ ಸುಮಾರು ಮೂರು ವಾಟ್-ಗಂಟೆ. ಅದರ ತೂಕ ಅರ್ಧ ಕಿಲೋ. ಅಂದರೆ ಕಿಲೋಗೆ ಆರು ವಾಟ್-ಗಂಟೆ. ಲಿಥಿಯಂ ಅಯಾನ್ ಬ್ಯಾಟರಿ ಕಿಲೋಗೆ 150ರಿಂದ 250 ವಾಟ್-ಗಂಟೆ ಹಿಡಿಯುತ್ತದೆ. ಒಂದು ಯೂನಿಟ್ ವಿದ್ಯುತ್ತಿಗೆ ಸೂಪರ್ ಕೆಪಾಸಿಟರ್ ಬಳಸಿದರೆ 160 ಕಿಲೋಗೂ ಮೀರಿದ ಸಲಕರಣೆ ಬೇಕು. 2000 ಮೆಗಾವಾಟ್ ಘಟಕ ಆರು ಗಂಟೆ ಪೂರ್ಣವಾಗಿ ನಡೆಯುತ್ತದೆಂದು ಲೆಕ್ಕಕ್ಕೆ ಹಿಡಿದರೆ 1 ಕೋಟಿ 20 ಲಕ್ಷ ಯೂನಿಟ್. ಅಷ್ಟನ್ನು ಕೂಡಿಡಲು 20 ಲಕ್ಷ ಟನ್ ಧಾರಕಗಳು ಬೇಕಾಗುತ್ತವೆ. ಅದರಲ್ಲಿ ಕಾಲು ಭಾಗ ಇಂಗಾಲವೆಂದರೆ 5 ಲಕ್ಷ ಟನ್ ಇಂಗಾಲ, ಅದಕ್ಕೆ 50 ಲಕ್ಷ ಟನ್ ಕರಟ. ಭಾರತದಲ್ಲಿ ವರ್ಷಕ್ಕೆ ಸುಮಾರು 2000 ಕೋಟಿ ತೆಂಗಿನಕಾಯಿ ಬೆಳೆಯುತ್ತದೆ. ಎಳನೀರು, ಅಡುಗೆಮನೆ, ದೇವಸ್ಥಾನ ಯಾವುದನ್ನೂ ಬಿಡದೆ ಎಲ್ಲ ಕರಟವನ್ನು ಒಟ್ಟುಗೂಡಿಸಿದರೂ ಅದು 30 ಲಕ್ಷ ಟನ್. ಇಷ್ಟಾಗಿಯೂ ಸೂಪರ್ ಕೆಪಾಸಿಟರಿನಲ್ಲಿ ತುಂಬಿದ ವಿದ್ಯುತ್ತು ದಿನಗಳು ಉರುಳಿದಂತೆ ತಾನಾಗಿಯೇ ಸೋರಿಹೋಗುತ್ತದೆ.

ಉತ್ತರ ಸ್ಪಷ್ಟ. ಅದು ಸೆಕೆಂಡುಗಳ ಮತ್ತು ನಿಮಿಷಗಳ ಕೆಲಸಕ್ಕೆ ತಕ್ಕದ್ದು, ಗಂಟೆಗಳ ಕೆಲಸಕ್ಕಲ್ಲ. ಕಾಡನ್ನು ಉಳಿಸುವ ವಾದವನ್ನು ಈ ಇದ್ದಿಲಿನ ಮೇಲೆ ನಿಲ್ಲಿಸಿದರೆ ಎದುರಾಳಿ ಎರಡು ನಿಮಿಷಗಳ ಲೆಕ್ಕದಲ್ಲಿ ಅದನ್ನು ಉರುಳಿಸಬಲ್ಲ. ಆ ವಾದಕ್ಕೆ ಅದರದೇ ಆದ ಗಟ್ಟಿ ನೆಲೆಗಳಿವೆ. ನದಿ ಈಗಾಗಲೇ ಹೊತ್ತಿರುವ ಅಣೆಕಟ್ಟುಗಳ ಭಾರ, ಸಿಂಗಳೀಕದ ಅವಿಚ್ಛಿನ್ನ ಮೇಲ್ಛಾವಣಿಯ ಅಗತ್ಯ, ಇಳಿಜಾರಿನ ಮಣ್ಣು, ವಿದ್ಯುತ್ತನ್ನು ಪೋಲು ಮಾಡದಿರುವ ದಾರಿಗಳು. ಅವುಗಳಿಗೆ ತಪ್ಪು ಪುರಾವೆಯ ಆಸರೆ ಬೇಕಿಲ್ಲ.

ಹಾಗೆಂದು ಧಾರಕ ನಿರುಪಯೋಗಿಯಲ್ಲ. ಹತ್ತು ಲಕ್ಷ ಸಲ ತುಂಬಿ ಬರಿದು ಮಾಡಿದರೂ ಅದು ದುಡಿಯಬಲ್ಲದು. ಅದರಲ್ಲಿ ಕೋಬಾಲ್ಟ್ ಇಲ್ಲ, ನಿಕ್ಕಲ್ ಇಲ್ಲ, ಲಿಥಿಯಂ ಇಲ್ಲ. ಹಳ್ಳದ ನೀರಿನಿಂದ ನಡೆಯುವ ಕಿರು ಜಲವಿದ್ಯುತ್ ಯಂತ್ರದ ಏರಿಳಿತವನ್ನು ಸಮಗೊಳಿಸಲು, ಪಂಪಿನ ಮೋಟಾರು ಎದ್ದೇಳುವ ಕ್ಷಣದ ಹೊರೆಯನ್ನು ತಾನು ಹೊತ್ತು ಬ್ಯಾಟರಿಯ ಆಯುಷ್ಯ ಹೆಚ್ಚಿಸಲು, ಬೆಟ್ಟ ಇಳಿಯುವ ಬಸ್ಸಿನ ಬ್ರೇಕಿನಲ್ಲಿ ವ್ಯರ್ಥವಾಗುವ ಶಕ್ತಿಯನ್ನು ಹಿಡಿದು ಮುಂದಿನ ಏರಿಗೆ ಕೊಡಲು ಅದು ಸಮರ್ಥ. ಬ್ಯಾಟರಿಯ ಎದುರಾಳಿ ಎನ್ನುವುದಕ್ಕಿಂತ ಜೊತೆಗಾರ ಎನ್ನುವುದೇ ಸರಿ.

ಗಂಟೆಗಟ್ಟಲೆ ವಿದ್ಯುತ್ತು ಕೂಡಿಡುವ ಕ್ಷೇತ್ರದಲ್ಲಿಯೂ ಸಸ್ಯಮೂಲದ ಇಂಗಾಲ ಕಾಲಿಟ್ಟಿದೆ ಎಂಬುದನ್ನು ಹೇಳಲೇಬೇಕು. ಸೋಡಿಯಂ ಅಯಾನ್ ಬ್ಯಾಟರಿಯ ಋಣ ವಿದ್ಯುದ್ವಾರಕ್ಕೆ ‘ಗಡಸು ಇಂಗಾಲ’ ಬೇಕು. ಅದಕ್ಕೂ ಕರಟ ಒಳ್ಳೆಯ ಮೂಲ. ಅಲ್ಲಿ ರಂಧ್ರಗಳು ದ್ರವಕ್ಕೆ ತೆರೆದಿರಬಾರದು, ಒಳಗೊಳಗೇ ಮುಚ್ಚಿರಬೇಕು. ಅಂದರೆ ಒಂದೇ ಕರಟ ಎರಡು ಬಗೆಯ ಸಂಸ್ಕಾರ ಪಡೆದು ಎರಡು ಬಗೆಯ ಕೆಲಸಕ್ಕೆ ಒದಗುತ್ತದೆ. ಕರಟಕ್ಕೂ ಅದರಂಥ ಇತರ ಕೃಷಿ ವಸ್ತುಗಳಿಗೂ ಬೇಡಿಕೆ ಏರುವ ಸಾಧ್ಯತೆಯನ್ನು ಇದು ಸೂಚಿಸುತ್ತದೆ.

ಇದ್ದಿಲಿನ ಹಳೆಯ ನೆನಪು

ಬೇಡಿಕೆ ಏರಿದಾಗ ಏನಾಗುತ್ತದೆ ಎಂಬುದಕ್ಕೆ ಮಲೆನಾಡು ದೂರದ ಉದಾಹರಣೆ ಹುಡುಕಬೇಕಿಲ್ಲ. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣ ಕಾರ್ಖಾನೆಯ ಕುಲುಮೆ ಉರಿದದ್ದು ಕಲ್ಲಿದ್ದಲಿನಿಂದಲ್ಲ, ಸುತ್ತಲಿನ ಕಾಡಿನ ಮರದ ಇದ್ದಿಲಿನಿಂದ. 1980ರ ದಶಕದಲ್ಲಿ ಕರ್ನಾಟಕ ಪಲ್ಪ್‌ವುಡ್ ಸಂಸ್ಥೆಯ ಮೂಲಕ ಹಳ್ಳಿಗಳ ಸಾಮೂಹಿಕ ಭೂಮಿ ನೀಲಗಿರಿ ತೋಪಾಗತೊಡಗಿತು. ಅದರ ವಿರುದ್ಧ 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಸಿ, ನೀಲಗಿರಿ ಕಿತ್ತು ತಮಗೆ ಬೇಕಾದ ಸಸಿ ನೆಟ್ಟರು. 1991ರಲ್ಲಿ ಆ ಸಂಸ್ಥೆಯನ್ನು ಮುಚ್ಚುವ ತೀರ್ಮಾನವಾಯಿತು. ಎರಡೂ ಪ್ರಸಂಗಗಳಲ್ಲಿ ಕಚ್ಚಾವಸ್ತು ‘ಹೇರಳವಾಗಿದೆ’, ‘ಬಳಕೆಯಾಗದೆ ಬಿದ್ದಿದೆ’ ಎಂಬ ಮಾತಿನಿಂದಲೇ ಕಥೆ ಆರಂಭವಾಗಿತ್ತು.

ಇಂಗಾಲದ ಕೈಗಾರಿಕೆಯೂ ಸಿಪ್ಪೆ ಮತ್ತು ಕರಟದಿಂದ ಆರಂಭವಾಗಿ, ಕುಲುಮೆಗೆ ವರ್ಷವಿಡೀ ಆಹಾರ ಸಾಲದೆ ಬಂದಾಗ ಬಿದಿರಿನತ್ತ, ಅಕೇಶಿಯಾದತ್ತ, ಬೆಟ್ಟದ ಸೊಪ್ಪು ಸೌದೆಯತ್ತ ಕೈಚಾಚುವುದು ಅಸಂಭವವೇನಲ್ಲ. ಅಡಿಕೆ ಸಿಪ್ಪೆ ವರ್ಷದ ಕೆಲವೇ ತಿಂಗಳು ದೊರೆಯುವ ವಸ್ತು ಎಂಬುದನ್ನು ಇಲ್ಲಿ ಮರೆಯಬಾರದು.

ಹೊಗೆಯ ಪ್ರಶ್ನೆ ಬೇರೆ. ನೆಲದ ಗುಂಡಿಯಲ್ಲೋ ಡ್ರಮ್ಮಿನಲ್ಲೋ ಕರಟ ಸುಡುವಾಗ ಅದರ ಮುಕ್ಕಾಲು ಪಾಲು ತೂಕ ಹೊಗೆ, ಡಾಂಬರು, ಕಾರ್ಬನ್ ಮಾನಾಕ್ಸೈಡ್, ಮೀಥೇನ್ ಆಗಿ ಹೊರಬೀಳುತ್ತದೆ. ಬಿಸಿ ಇದ್ದಿಲಿನ ಮೇಲೆ ಸುರಿದ ನೀರು ಫೀನಾಲಿನಂಥ ವಿಷಗಳನ್ನು ಹೊತ್ತು ನೆಲಕ್ಕಿಳಿಯುತ್ತದೆ. ಅಂಥ ಘಟಕದ ಪಕ್ಕದ ಮನೆಯವರಿಗೆ ‘ಹಸಿರು ಶಕ್ತಿ’ ಎಂದರೆ ಕೆಮ್ಮು ಮತ್ತು ಕೆಟ್ಟ ಬಾವಿ. ಇದು ತಂತ್ರಜ್ಞಾನದ ಅನಿವಾರ್ಯತೆಯಲ್ಲ. ಮುಚ್ಚಿದ ಕುಲುಮೆಯಲ್ಲಿ ಹೊಗೆಯನ್ನೇ ಮರಳಿ ಉರಿಸಿ ಅದರ ಶಾಖವನ್ನು ಬಳಸಿಕೊಳ್ಳುವ ವಿಧಾನ ಸುಪರಿಚಿತ. ಆ ಶಾಖದಿಂದ ಅಡಿಕೆ ಬೇಯಿಸಲೂ ಒಣಗಿಸಲೂ ಸಾಧ್ಯ. ಆಗ ಸಿಪ್ಪೆಯಿಂದ ಇದ್ದಿಲೂ ದೊರೆಯುತ್ತದೆ, ಸೌದೆಯೂ ಉಳಿಯುತ್ತದೆ.

ಧಾರಕದೊಳಗಿನ ದ್ರವದ ಬಗೆಗೂ ಮೌನ ಸಲ್ಲದು. ಬಹಳಷ್ಟು ಧಾರಕಗಳಲ್ಲಿರುವ ಅಸಿಟೋನೈಟ್ರೈಲ್ ಬೇಗ ಹೊತ್ತಿಕೊಳ್ಳುವ, ವಿಷಕಾರಿಯಾದ ದ್ರಾವಕ. ಆಯುಷ್ಯ ಮುಗಿದ ಧಾರಕ ಗುಜರಿಯವನ ಸುತ್ತಿಗೆಗೆ ಸಿಗಬಾರದು.

ಕೇಳಬೇಕಾದ ಪ್ರಶ್ನೆಗಳು

ಸಿಪ್ಪೆಗೆ ಬೆಲೆ ಕೊಡುತ್ತೇವೆಂದು ಯಾರಾದರೂ ಊರಿಗೆ ಬಂದಾಗ ಬೆಳೆಗಾರರ ಸಹಕಾರಿ ಸಂಘವಾಗಲಿ ಗ್ರಾಮಸಭೆಯಾಗಲಿ ಹಿಂಜರಿಯದೆ ಕೇಳಬೇಕಾದ ಪ್ರಶ್ನೆಗಳು ಹೀಗಿವೆ:

ಒಂದು, ಎಷ್ಟು ಸಿಪ್ಪೆ ಬೇಕು, ಅದು ಮುಗಿದ ತಿಂಗಳುಗಳಲ್ಲಿ ಕುಲುಮೆಗೆ ಏನು ಹಾಕಲಾಗುವುದು? ಕಾಡಿನ ಮತ್ತು ಸೊಪ್ಪಿನ ಬೆಟ್ಟದ ಯಾವ ವಸ್ತುವನ್ನೂ ಕೊಳ್ಳುವುದಿಲ್ಲ ಎಂಬುದು ಲಿಖಿತ ಕರಾರಿನಲ್ಲಿದೆಯೇ?

ಎರಡು, ಹೊಗೆಯನ್ನು ಉರಿಸುವ ವ್ಯವಸ್ಥೆ ಇದೆಯೇ, ಇದ್ದಿಲು ಆರಿಸಿದ ನೀರು ಎಲ್ಲಿಗೆ ಹೋಗುತ್ತದೆ?

ಮೂರು, ಬೂದಿಯ ಪೊಟ್ಯಾಷ್ ಯಾರಿಗೆ? ಆಮ್ಲಕ್ಕೆ ಮೊದಲು ಬರಿಯ ನೀರಿನಲ್ಲಿ ಇದ್ದಿಲನ್ನು ತೊಳೆದರೆ ಪೊಟ್ಯಾಷಿನ ಬಹುಪಾಲು ಆ ನೀರಿಗಿಳಿಯುತ್ತದೆ. ಅದನ್ನು ಪರೀಕ್ಷಿಸಿ, ಹದವರಿತು ತೋಟಕ್ಕೆ ಮರಳಿಸುವ ಏರ್ಪಾಡು ಇದೆಯೇ?

ನಾಲ್ಕು, ಇದ್ದಿಲಿನ ಹಂತ ಮಾತ್ರ ಇಲ್ಲಿ ನಡೆದು ಲಾಭದ ಹಂತ ಬೇರೆಡೆ ನಡೆಯುವುದೇ? ಕರಟದ ಇದ್ದಿಲಿಗೂ ಧಾರಕಕ್ಕೆ ಹೊಂದುವ ಶುದ್ಧ ಇಂಗಾಲಕ್ಕೂ ಬೆಲೆಯಲ್ಲಿ ಭಾರಿ ಅಂತರವಿದೆ. ಹೊಗೆ ಇಲ್ಲಿಗೆ, ಮೌಲ್ಯ ಅಲ್ಲಿಗೆ ಎಂಬ ಹಂಚಿಕೆಯನ್ನು ಒಪ್ಪಲಾಗದು.

ಐದು, ಬಂದವರ ಬಳಿ ಇರುವ ಅಂಕಿ ತೆಳುಪದರದ್ದೋ, ಪೂರ್ಣ ಧಾರಕದ್ದೋ? ಈ ಒಂದು ಪ್ರಶ್ನೆ ಕೇಳಿದರೆ ಸಾಕು, ಮಾತಿನ ಅರ್ಧ ಗಾಳಿ ಇಳಿಯುತ್ತದೆ.

ಈ ಐದಕ್ಕೂ ತೃಪ್ತಿಕರ ಉತ್ತರ ದೊರೆತಲ್ಲಿ ಸಣ್ಣ ಪ್ರಮಾಣದ, ಸಹಕಾರಿ ಒಡೆತನದ ಇದ್ದಿಲು ಘಟಕವನ್ನು ಸ್ವಾಗತಿಸಲು ಸಂಕೋಚ ಬೇಕಿಲ್ಲ. ರಸ್ತೆ ಬದಿಯಲ್ಲಿ ಹೊಗೆಯಾಗುವ ಸಿಪ್ಪೆಗಿಂತ ಅದು ಮೇಲು. ದೊರೆಯದಿದ್ದಲ್ಲಿ ಸಿಪ್ಪೆಗೆ ತೋಟದ ಗೊಬ್ಬರಗುಂಡಿ ಇದ್ದೇ ಇದೆ. ಅಲ್ಲಿಯೂ ಅದು ಮರಕ್ಕಾಗಿ ಕೂಡಿಟ್ಟ ಶಕ್ತಿಯೇ.